ಕೊನೆಯ ಹತ್ತು ನಿಮಿಷದ ದಮ್ಮು

2016ರ ಆಗಸ್ಟ್ 17, ರಿಯೊ ಒಲಿಂಪಿಕ್ಸ್. ಹೆಣ್ಣುಮಕ್ಕಳ 58 ಕಿಲೊ ವಿಭಾಗದಲ್ಲಿ ಕಂಚಿಗಾಗಿ ಕುಸ್ತಿ. ಮೊದಲ 3 ನಿಮಿಷ ಮುಗಿದಾಗ ಸಾಕ್ಷಿ ಮಲಿಕ್ 0-5ರಿಂದ ಹಿಂದೆ ಬಿದ್ದಿದ್ದರು. ಎದುರಿಗಿದ್ದವರು ಕಿರ್ಗಿಸ್ತಾನದ ಐಸುಲು ಟಿನಿಬೆಕೊವಾ. ಸಾಕ್ಷಿಗೆ ಅದು ಅವತ್ತಿನ ಐದನೇ ಕುಸ್ತಿ. ಮುಂದಿನ 3 ನಿಮಿಷದಲ್ಲಿ ಒಂದೊಂದೇ ಅಂಕ ಕಿತ್ತುಕೊಂಡು ಬಂದು, ಕೊನೆಯ ಕೆಲವೇ ಸೆಕೆಂಡುಗಳಲ್ಲಿ ಇನ್ನೊಮ್ಮೆ ಕಾಲಿಗೆ ಬಿದ್ದು, 8-5ಕ್ಕೆ ಕುಸ್ತಿ ಗೆದ್ದರು.

ಆ ಕೊನೆಯ ಪಟ್ಟು ಹೊಸದೇನಲ್ಲ. ಯಾವ ಗರಡಿಯಲ್ಲಾದರೂ ಆರು ತಿಂಗಳು ಕಲಿತ ಹುಡುಗಿಗೆ ಅದು ಗೊತ್ತಿರುತ್ತದೆ. ಆದರೆ ಐದನೇ ಕುಸ್ತಿಯ ಆರನೇ ನಿಮಿಷದಲ್ಲಿ, ತೊಡೆ ಸೀಸದ ಹಾಗೆ ಭಾರವಾಗಿರುವಾಗ, ಅದನ್ನು ಸರಿಯಾಗಿ ಮಾಡುವುದಿದೆಯಲ್ಲ, ಅದು ಬೇರೆಯದೇ ವಿದ್ಯೆ. ನಮ್ಮ ಕಡೆ ಅದಕ್ಕೆ ಒಂದೇ ಮಾತು: ದಮ್ಮು.

ದಮ್ಮು ಕಟ್ಟಲು ಅಭ್ಯಾಸದ ಕೊನೆಯಲ್ಲಿ ಹತ್ತು ನಿಮಿಷ ಮೀಸಲಿಡುವುದು ಎಲ್ಲ ಕಡೆ ರೂಢಿ. ಜೋಡಿ ಹಿಡಿದು ಆಗಿದೆ, ಬೆವರಿನಿಂದ ಬನಿಯನ್ ಒದ್ದೆಮುದ್ದೆ, ಇನ್ನೇನು ಮನೆಗೆ ಹೋಗಬೇಕು ಅನ್ನುವಷ್ಟರಲ್ಲಿ ಉಸ್ತಾದರ ಕೂಗು: "ಸಾಲಾಗಿ ನಿಂತ್ಕೊಳ್ರೋ." ನಾನು ಹುಡುಗನಾಗಿದ್ದಾಗ ಆ ಕೂಗಿಗೆ ಹೆದರುತ್ತಿದ್ದೆ. ಈಗ ಭಾನುವಾರ ಬೆಳಿಗ್ಗೆ ನಮ್ಮೂರ ಮಕ್ಕಳಿಗೆ ಕಲಿಸಲು ನಾನೇ ಕೈಜೋಡಿಸುತ್ತೇನೆ. ಆ ಹತ್ತು ನಿಮಿಷವನ್ನು ಹೇಗೆ ಬಳಸಬೇಕು, ಹೇಗೆ ಹಾಳುಮಾಡಬಾರದು ಅಂತ ಗೊತ್ತಾಗಲು ನನಗೆ ಬಹಳ ವರ್ಷ ಹಿಡಿಯಿತು. ಅದಕ್ಕೇ ಇದನ್ನು ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ದೇಹದ ಒಳಗೆ ಏನಾಗುತ್ತದೆ ಅಂತ ನೋಡೋಣ.

ಈಗಿನ ಅಂತರರಾಷ್ಟ್ರೀಯ ನಿಯಮದಲ್ಲಿ ದೊಡ್ಡವರ ಕುಸ್ತಿ 3 ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ಬಿಡುವು. ಈ 6 ನಿಮಿಷವೂ ಒಂದೇ ಸಮನೆ ಓಡಿದ ಹಾಗಲ್ಲ. ಐದಾರು ಸೆಕೆಂಡು ಸಿಡಿಲಿನ ಹಾಗೆ ನುಗ್ಗುವುದು, ಆಮೇಲೆ ಸ್ವಲ್ಪ ಹೊತ್ತು ಕೈಗೆ ಕೈ ಕೊಟ್ಟು ಜಗ್ಗಾಡುವುದು, ಮತ್ತೆ ನುಗ್ಗುವುದು. ಕೆಳಗೆ ಬಿದ್ದವನು ಎದ್ದೇಳಲು ಒದ್ದಾಡುವುದು, ಮೇಲಿರುವವನು ಒತ್ತಿ ಹಿಡಿಯುವುದು.

ಇದಕ್ಕೆ ಬೇಕಾದ ಬೆಂಕಿ ಮೂರು ಬಗೆಯದು. ಹಳ್ಳಿಮನೆಯ ಹಂಡೆ ಒಲೆ ನೋಡಿದವರಿಗೆ ಇದು ಸಲೀಸಾಗಿ ಅರ್ಥವಾಗುತ್ತದೆ. ಒಣಗಿದ ತೆಂಗಿನ ಗರಿ ಹಾಕಿದರೆ ಭಗ್ ಅಂತ ಹತ್ತುತ್ತದೆ, ಅಷ್ಟೇ ಬೇಗ ಬೂದಿಯಾಗುತ್ತದೆ. ಮಾಂಸಖಂಡದಲ್ಲಿ ಮೊದಲೇ ಕೂಡಿಟ್ಟ ಕ್ರಿಯಾಟಿನ್ ಫಾಸ್ಫೇಟ್ ಹೀಗೆ. ಪೂರ್ತಿ ಬಲ ಹಾಕಿದರೆ ಹತ್ತು ಸೆಕೆಂಡಿನಷ್ಟು ಹೊತ್ತು ಬರುತ್ತದೆ. ಎರಡನೆಯದು ಕರಟದ ಬೆಂಕಿ. ಜೋರು ಶಾಖ, ಜೊತೆಗೆ ಹೊಗೆ. ಆಮ್ಲಜನಕಕ್ಕೆ ಕಾಯದೆ ದೇಹ ಸಕ್ಕರೆ ಸುಡುವುದು ಹೀಗೆ. ಒಂದೆರಡು ನಿಮಿಷ ಭಾರಿ ಬಲ ಕೊಡುತ್ತದೆ, ಆದರೆ ಖಂಡದೊಳಗೆ ಹುಳಿ ಏರುತ್ತದೆ, ಕೈಕಾಲು ಉರಿಯುತ್ತವೆ. ಮೂರನೆಯದು ಕೊರಡು. ನಿಧಾನವಾಗಿ ಹತ್ತುತ್ತದೆ, ಗಂಟೆಗಟ್ಟಲೆ ಉರಿಯುತ್ತದೆ. ಆಮ್ಲಜನಕ ಬಳಸಿ ಸಕ್ಕರೆ ಮತ್ತು ಕೊಬ್ಬು ಸುಡುವ ದಾರಿ ಇದು.

ಮೂರೂ ಒಂದಾದಮೇಲೆ ಒಂದು ಅಂತ ಸರದಿಯಲ್ಲಿ ಹತ್ತುವುದಿಲ್ಲ. ಶುರುವಿನಿಂದಲೇ ಮೂರೂ ಉರಿಯುತ್ತಿರುತ್ತವೆ, ಯಾವುದು ಜಾಸ್ತಿ ಯಾವುದು ಕಮ್ಮಿ ಅನ್ನುವುದಷ್ಟೇ ಬದಲಾಗುತ್ತದೆ. ಒಲೆಯಲ್ಲಿ ಕೊರಡು ಚೆನ್ನಾಗಿ ಉರಿಯುತ್ತಿದ್ದರೆ ಪಕ್ಕದಲ್ಲಿಟ್ಟ ಹಸಿ ಗರಿಯೂ ಒಣಗುತ್ತದೆ, ಅಲ್ವಾ? ದೇಹದಲ್ಲೂ ಹಾಗೇ. ಒಂದು ಪಟ್ಟಿಗೂ ಇನ್ನೊಂದು ಪಟ್ಟಿಗೂ ನಡುವೆ ಸಿಗುವ ಬಿಡುವಿನಲ್ಲಿ, ಖಾಲಿಯಾದ ಕ್ರಿಯಾಟಿನ್ ಫಾಸ್ಫೇಟನ್ನು ಮತ್ತೆ ತುಂಬಿಸುವುದು ಈ ಕೊರಡಿನ ಬೆಂಕಿಯೇ. ಬರೀ ಗರಿಯ ಬಲ ಇರುವ ಪೈಲ್ವಾನ ಮೊದಲ ನಿಮಿಷದಲ್ಲಿ ಹುಲಿ. ಕೊರಡೂ ಹತ್ತಿರುವವನು ಆರನೇ ನಿಮಿಷದಲ್ಲೂ ಕಾಲಿಗೆ ನುಗ್ಗುತ್ತಾನೆ.

ಇಲ್ಲಿ ಒಂದು ತಪ್ಪು ತಿಳುವಳಿಕೆಯನ್ನು ಸರಿಮಾಡಬೇಕು. ಮಾರನೇ ದಿನ ಮೈಕೈ ನೋವಾದರೆ "ಲ್ಯಾಕ್ಟಿಕ್ ಆಸಿಡ್ ತುಂಬಿದೆ" ಅನ್ನುವವರು ಇವತ್ತಿಗೂ ಬಹಳ ಜನ. ಸುಮ್ಮನೆ ಕೂತಾಗ ಒಂದು ಲೀಟರ್ ರಕ್ತದಲ್ಲಿ 1 ಮಿಲಿಮೋಲ್ ಆಸುಪಾಸು ಇರುವ ಲ್ಯಾಕ್ಟೇಟ್, ಬಿರುಸಿನ ಕುಸ್ತಿ ಮುಗಿದಾಗ 10 ದಾಟುವುದು ನಿಜ. ಆದರೆ ಅದು ಒಂದು ಗಂಟೆಯ ಒಳಗೆ ಹೆಚ್ಚುಕಮ್ಮಿ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಹೃದಯ ಅದನ್ನು ಇಂಧನವಾಗಿ ಬಳಸಿಕೊಳ್ಳುತ್ತದೆ ಕೂಡ. ಮಾರನೇ ದಿನದ ನೋವು, ಅಭ್ಯಾಸವಿಲ್ಲದ ಕೆಲಸದಿಂದ ಮಾಂಸಖಂಡದ ಎಳೆಗಳಿಗಾದ ಸಣ್ಣಪುಟ್ಟ ಪೆಟ್ಟಿನದು. ಹಾಗಾಗಿ ಜಾಸ್ತಿ ನೋವಾದರೆ ಜಾಸ್ತಿ ದಮ್ಮು ಬಂತು ಅನ್ನುವ ಲೆಕ್ಕ ತಪ್ಪು.

ಕುಸ್ತಿಗೇ ವಿಶೇಷವಾದ ಇನ್ನೊಂದು ತೊಂದರೆ ಮುಂಗೈಯದು. ಎದುರಾಳಿಯ ಮಣಿಕಟ್ಟನ್ನು ಬಿಗಿಯಾಗಿ ಹಿಡಿದಾಗ ಮುಂಗೈಯ ಖಂಡಗಳು ತಮ್ಮೊಳಗಿನ ರಕ್ತನಾಳಗಳನ್ನೇ ಹಿಸುಕುತ್ತವೆ. ರಕ್ತ ಸರಿಯಾಗಿ ಓಡುವುದಿಲ್ಲ, ಕೈ ಕಟ್ಟಿಕೊಳ್ಳುತ್ತದೆ. ಎದೆಯಲ್ಲಿ ಉಸಿರಿದ್ದರೂ ಬೆರಳು ಮಾತು ಕೇಳುವುದಿಲ್ಲ. ಮೈದಾನದಲ್ಲಿ ಎಷ್ಟೇ ಓಡಿದರೂ ಇದು ಸರಿಹೋಗುವುದಿಲ್ಲ. ಹಗ್ಗ ಹತ್ತಬೇಕು, ಟವೆಲ್ ಹಿಡಿದು ಜಗ್ಗಬೇಕು, ಗದೆ ತಿರುಗಿಸಬೇಕು.

ಇದನ್ನೆಲ್ಲ ಕೊನೆಯಲ್ಲೇ ಯಾಕೆ ಮಾಡಬೇಕು? ಮೊದಲೇ ಮಾಡಿ ಮುಗಿಸಬಹುದಲ್ಲ ಅಂತ ಮಕ್ಕಳು ಕೇಳುತ್ತಾರೆ, ಒಳ್ಳೆಯ ಪ್ರಶ್ನೆ. ಹೊಸ ಪಟ್ಟು ಕಲಿಯಲು ತಲೆ ಚುರುಕಾಗಿರಬೇಕು, ಕಾಲು ಹಗುರವಾಗಿರಬೇಕು. ಮೊದಲೇ ಸುಸ್ತು ಮಾಡಿಸಿ ಪಟ್ಟು ಕಲಿಸಿದರೆ ಹುಡುಗ ತಪ್ಪು ಪಟ್ಟನ್ನೇ ರೂಢಿ ಮಾಡಿಕೊಳ್ಳುತ್ತಾನೆ. ಸೊಂಟ ಬಗ್ಗಿಸಿ, ತಲೆ ತಗ್ಗಿಸಿ ಕಾಲಿಗೆ ನುಗ್ಗುತ್ತಾನೆ, ಕತ್ತಿಗೆ ಪೆಟ್ಟು ಮಾಡಿಕೊಳ್ಳುತ್ತಾನೆ. ಆದ್ದರಿಂದ ಮೈ ಬಿಸಿ ಮಾಡುವುದು, ಪಟ್ಟು ಕಲಿಯುವುದು, ಜೋಡಿ ಹಿಡಿಯುವುದು, ಕೊನೆಗೆ ದಮ್ಮಿನ ಸಾಮು, ಹೀಗೆ ಕ್ರಮ. ಚೆನ್ನಾಗಿ ಗೊತ್ತಿರುವ ಪಟ್ಟನ್ನು ಸುಸ್ತಿನಲ್ಲೂ ಕೆಡಿಸದೆ ಮಾಡುವ ಪಾಠ ಆ ಕೊನೆಯ ಭಾಗದ್ದು.

ಇನ್ನು ಏನು ಮಾಡಿಸಬೇಕು ಅನ್ನುವ ವಿಷಯ. ಇಲ್ಲಿ ನಮ್ಮ ಗರಡಿ ಪರಂಪರೆಯ ಬಗ್ಗೆ ಒಂದು ಮಾತು ಹೇಳಲೇಬೇಕು.

ಗಾಮಾ ಪೈಲ್ವಾನರು ದಿನಕ್ಕೆ ಸಾವಿರಾರು ಬಸ್ಕಿ, ಸಾವಿರಾರು ದಂಡ ಹೊಡೆಯುತ್ತಿದ್ದರು ಅನ್ನುವ ಕಥೆ ಕೇಳದ ಗರಡಿ ಹುಡುಗ ಇಲ್ಲ. ಆ ಸಂಖ್ಯೆಯನ್ನು ಇವತ್ತಿನ ಮಕ್ಕಳ ಮುಂದೆ ಇಡುವ ಮೊದಲು, ಅವರು ಆಡುತ್ತಿದ್ದ ಕುಸ್ತಿ ಎಂಥದ್ದು ಅಂತ ನೋಡಬೇಕು. 1910ರ ಸೆಪ್ಟೆಂಬರ್‌ನಲ್ಲಿ ಲಂಡನ್‌ನಲ್ಲಿ ಗಾಮಾ ಮತ್ತು ಪೋಲೆಂಡಿನ ಸ್ಟಾನಿಸ್ಲಾಸ್ ಜ್ಬಿಸ್ಕೊ ನಡುವಿನ ಕುಸ್ತಿ ಎರಡೂವರೆ ಗಂಟೆಗೂ ಹೆಚ್ಚು ನಡೆದು ಸಮಬಲದಲ್ಲಿ ನಿಂತಿತು. ಹಾಗೆ ಗಂಟೆಗಟ್ಟಲೆ ಹಿಡಿಯಬೇಕಾದವರಿಗೆ ಕೊರಡಿನ ಬೆಂಕಿಯೇ ದೊಡ್ಡ ಆಸ್ತಿ. ಸಾವಿರಾರು ಬಸ್ಕಿ ಕಟ್ಟುವುದು ಅದನ್ನೇ. ನಮ್ಮ ಮೈಸೂರು ಸೀಮೆಯ ನಾಡಕುಸ್ತಿಯಲ್ಲಿ ಹದಿನೈದು, ಇಪ್ಪತ್ತು ನಿಮಿಷದ ಜೋಡಿಗಳು ಇವತ್ತಿಗೂ ಇವೆ, ಯಾರಾದರೂ ಚಿತ್ ಆಗುವವರೆಗೆ ಬಿಡದ ಮಾರ್ಫಿಟ್ ಕುಸ್ತಿಯೂ ಇದೆ. ಅಲ್ಲಿಗೆ ಆ ಸಾಮು ಸರಿ. 6 ನಿಮಿಷದ ಮ್ಯಾಟ್ ಕುಸ್ತಿಗೆ ಹೋಗುವ ಹುಡುಗಿಗೆ ಅದೊಂದೇ ಸಾಲದು. ಅವಳಿಗೆ ಹತ್ತಿ ಆರಿ, ಮತ್ತೆ ಹತ್ತುವ ಬೆಂಕಿ ಬೇಕು. ಕುಸ್ತಿ ಯಾವ ಆಕಾರದ್ದೋ ಕೊನೆಯ ಸಾಮೂ ಅದೇ ಆಕಾರದ್ದಾಗಿರಬೇಕು. ಈ ಲೇಖನದಲ್ಲಿ ನಾನು ಹೇಳಬೇಕಾಗಿರುವ ಮುಖ್ಯ ಮಾತೇ ಇದು.

ಅಂದಮಾತ್ರಕ್ಕೆ ದಂಡ, ಬಸ್ಕಿ ಬಿಡಬೇಕು ಅಂತಲ್ಲ. ಗರಡಿಯ ದಂಡವನ್ನು ಒಮ್ಮೆ ಹತ್ತಿರದಿಂದ ನೋಡಿ. ಸೊಂಟ ಮೇಲೆತ್ತಿ, ಎದೆಯನ್ನು ನೆಲಕ್ಕೆ ಸವರುವ ಹಾಗೆ ಮುಂದಕ್ಕೆ ಜಾರಿ, ಹಾವು ಹೆಡೆ ಎತ್ತಿದಂತೆ ಏಳುತ್ತೇವೆ. ಭುಜ, ಬೆನ್ನು, ಸೊಂಟ ಮೂರೂ ಒಟ್ಟಿಗೆ ತಿರುಗುತ್ತವೆ. ಕೆಳಗೆ ಬಿದ್ದ ಪೈಲ್ವಾನ ಎದ್ದೇಳುವಾಗ ಮಾಡುವ ಚಲನೆಗೆ ಇದು ಬಹಳ ಹತ್ತಿರ. ಬರೀ ಕೈ ಮಡಚಿ ಬಿಚ್ಚುವ ಪುಶ್‌ಅಪ್‌ನಲ್ಲಿ ಇಷ್ಟು ಸಿಗುವುದಿಲ್ಲ. ನನ್ನ ಮಟ್ಟಿಗೆ ಸಾವಿರ ಅರೆಬರೆ ದಂಡಕ್ಕಿಂತ, 20 ಸೆಕೆಂಡಿನಲ್ಲಿ ಚುರುಕಾಗಿ ಹೊಡೆದ ಹತ್ತು ಪೂರ್ತಿ ದಂಡ ಮೇಲು.

ನಾವು ಮಾಡಿಸುವ ಒಂದು ದಿನದ ಸಾಮು ಹೇಳುತ್ತೇನೆ. ಒಂದು ನಿಮಿಷವನ್ನು 15 ಸೆಕೆಂಡಿನ ನಾಲ್ಕು ತುಂಡು ಮಾಡುತ್ತೇವೆ. ಮೊದಲ ತುಂಡಿನಲ್ಲಿ ಜೋಡಿಯ ಕಾಲಿಗೆ ನುಗ್ಗಿ ಎತ್ತುವುದು, ಇಳಿಸುವುದು, ಮತ್ತೆ ನುಗ್ಗುವುದು, ಆದಷ್ಟು ಸಲ. ಎರಡನೇ ತುಂಡಿನಲ್ಲಿ ನಿಂತ ಭಂಗಿಯಲ್ಲೇ ಕತ್ತು, ಕೈ ಹಿಡಿದು ಜಗ್ಗಾಟ. ಮೂರನೆಯದರಲ್ಲಿ ಎದುರಿನವನು ಕಾಲಿಗೆ ಬಂದ ಅಂದುಕೊಂಡು, ಎರಡೂ ಕಾಲನ್ನು ಹಿಂದಕ್ಕೆ ಎಸೆದು, ಸೊಂಟದ ಭಾರ ಕೆಳಗೆ ಬಿಟ್ಟು, ತಕ್ಷಣ ಎದ್ದು ನಿಲ್ಲುವುದು. ನಾಲ್ಕನೆಯದರಲ್ಲಿ ಭಂಗಿ ಬಿಡದೆ ಸುತ್ತ ಹೆಜ್ಜೆ ಹಾಕುತ್ತಾ ಮೂಗಿನಿಂದ ಉಸಿರೆಳೆದುಕೊಳ್ಳುವುದು. ಹೀಗೆ ಮೂರು ಸಲ, ಅಲ್ಲಿಗೆ 3 ನಿಮಿಷ. 30 ಸೆಕೆಂಡು ಬಿಡುವು. ಮತ್ತೆ 3 ನಿಮಿಷ. ಒಟ್ಟು ಆರೂವರೆ ನಿಮಿಷ, ಒಂದು ಕುಸ್ತಿಯದೇ ಅಳತೆ.

ಅದು ಮುಗಿದು ಎಲ್ಲರೂ ಮಂಡಿ ಮೇಲೆ ಕೈ ಊರಿಕೊಂಡು ನಿಂತಿರುವಾಗ ಒಬ್ಬೊಬ್ಬ ಜೋಡಿಯನ್ನು ಮ್ಯಾಟಿನ ನಡುವೆ ಕರೆಯುತ್ತೇವೆ. "ನೀನು ಒಂದು ಅಂಕ ಹಿಂದೆ ಇದ್ದೀಯ. 30 ಸೆಕೆಂಡು ಉಳಿದಿದೆ. ಹಿಡಿ." ಮಕ್ಕಳ ಮುಖ ನೋಡಬೇಕು ಆಗ. ಆ 30 ಸೆಕೆಂಡಿನಲ್ಲಿ ಯಾರು ಸುಮ್ನೆ ತಳ್ಳಾಡುತ್ತಾರೆ, ಯಾರು ಉಸಿರು ಹಿಡಿದು ಜಾಗ ಹುಡುಕುತ್ತಾರೆ ಅಂತ ಸ್ಪಷ್ಟವಾಗಿ ಕಾಣಿಸುತ್ತದೆ. ಸಾಕ್ಷಿಯ ಕುಸ್ತಿಯನ್ನು ನಾವು ಮಕ್ಕಳಿಗೆ ತೋರಿಸುವುದು ಇಂಥ ದಿನವೇ.

ಬೇರೆ ದಿನ ಬೇರೆ ಬಗೆ. ಒಬ್ಬ ನಡುವೆ ನಿಲ್ಲುತ್ತಾನೆ, ಪ್ರತಿ 30 ಸೆಕೆಂಡಿಗೆ ಹೊಸ ಜೋಡಿ ಬಂದು ಹಿಡಿಯುತ್ತಾನೆ. ನಡುವಿನವನಿಗೆ ಬಿಡುವಿಲ್ಲ, ಎರಡು ನಿಮಿಷವಾದ ಮೇಲೆ ಅವನು ಹೊರಗೆ. ಇದು ಬಹಳ ಗಟ್ಟಿ ಸಾಮು, ವಾರಕ್ಕೊಮ್ಮೆ ಸಾಕು. ಇನ್ನೊಂದು ದಿನ ತನ್ನದೇ ತೂಕದ ಜೋಡಿಯನ್ನು ಉಪ್ಪಿನ ಮೂಟೆ ಹೊತ್ತು ಮ್ಯಾಟಿನ ಉದ್ದಕ್ಕೂ ಹೋಗಿಬರುವುದು, ಹಗ್ಗ ಹತ್ತುವುದು, ಕರಡಿಯ ಹಾಗೆ ನಾಲ್ಕು ಕಾಲಲ್ಲಿ ನಡೆಯುವುದು. ಮಣ್ಣಿನ ಗರಡಿಯಾದರೆ ಮಟ್ಟಿ ಅಗೆಯುವ ಕೆಲಸವೇ ಇದೆ. ಒದ್ದೆ ಕೆಮ್ಮಣ್ಣನ್ನು ಗುದ್ದಲಿಯಿಂದ ಎಳೆದು ಮಗುಚಿ ಹದ ಮಾಡುವಾಗ ಮುಂಗೈ, ಬೆನ್ನು, ತೊಡೆ ಎಲ್ಲಕ್ಕೂ ಕೆಲಸ. ಅದಕ್ಕಿಂತ ಒಳ್ಳೆಯ ಸಲಕರಣೆಯನ್ನು ನಾನು ಜಿಮ್‌ನಲ್ಲಿ ಕಂಡಿಲ್ಲ.

ಒಂದನ್ನು ಮಾತ್ರ ಕೊನೆಗೆ ಇಡುವುದಿಲ್ಲ: ತಲೆ ನೆಲಕ್ಕೆ ಊರಿ ಮೈಯನ್ನು ಸೇತುವೆ ಮಾಡುವುದು. ಕತ್ತಿನ ಬಲ ಕುಸ್ತಿಗೆ ತುಂಬಾ ಮುಖ್ಯ, ಆದರೆ ಸುಸ್ತಾದ ಕತ್ತು ಜಾರಿದರೆ ಆಗುವ ಅಪಾಯ ದೊಡ್ಡದು. ಅದನ್ನು ಮೈ ಬಿಸಿಯಾದ ಮೇಲೆ, ದಣಿವಾಗುವ ಮೊದಲು, ನಿಧಾನವಾಗಿ ಮಾಡಿಸುವುದೇ ಸರಿ.

ಎಷ್ಟು ಮಾಡಿಸಬೇಕು ಅನ್ನುವುದಕ್ಕೆ ನನ್ನ ಹತ್ತಿರ ಒಂದೇ ಅಳತೆ. ಪಟ್ಟು ಕೆಟ್ಟಿತೋ, ಅಲ್ಲಿಗೆ ನಿಲ್ಲಿಸು. ಮಂಡಿ ಒಳಕ್ಕೆ ಮಡಚಿಕೊಂಡು, ತಲೆ ಕೆಳಗೆ ಹಾಕಿ ನುಗ್ಗುವ ಹುಡುಗ ಆಮೇಲೆ ಕಲಿಯುವುದು ತಪ್ಪನ್ನೇ. ಗಟ್ಟಿ ಸಾಮು ವಾರಕ್ಕೆ ಎರಡು, ಹೆಚ್ಚೆಂದರೆ ಮೂರು ದಿನ. ಉಳಿದ ದಿನ ಹಗುರ. ಪಂದ್ಯಕ್ಕೆ ಒಂದು ವಾರ ಇರುವಾಗ ಪ್ರಮಾಣ ಅರ್ಧಕ್ಕೆ ಇಳಿಸಿ, ಚುರುಕು ಮಾತ್ರ ಉಳಿಸಿಕೊಳ್ಳುವುದು. 12 ವರ್ಷದೊಳಗಿನ ಮಕ್ಕಳಿಗೆ ಇದ್ಯಾವುದೂ ಬೇಡ. ಮುಟ್ಟಾಟ, ಕೋಳಿ ಜಗಳ, ಹಗ್ಗ ಜಗ್ಗಾಟ ಆಡಿಸಿದರೆ ಅವರಿಗೆ ಬೇಕಾದ ದಮ್ಮು ತಾನಾಗಿ ಬರುತ್ತದೆ.

ಈಗ ನನಗೆ ನೋವಾಗುವ ವಿಷಯಕ್ಕೆ ಬರುತ್ತೇನೆ. ನಾನು ಹಾಸ್ಟೆಲ್‌ನಲ್ಲಿದ್ದಾಗ ದೀಪಾವಳಿ ರಜೆ ಮುಗಿಸಿ ಒಂದು ದಿನ ತಡವಾಗಿ ಬಂದ ನಾಲ್ವರಿಗೆ ಶಿಕ್ಷೆ ಆಯಿತು. 500 ಬಸ್ಕಿ, ಎಣಿಸಿ. ಎರಡು ವಾರ ಮೈಗೆ ಕೆಲಸವೇ ಇರಲಿಲ್ಲ. ಮುನ್ನೂರರ ಹತ್ತಿರ ಬಂದಾಗ ತೊಡೆ ನನ್ನದು ಅನ್ನಿಸಲಿಲ್ಲ. ಮಾರನೇ ದಿನ ಮೆಟ್ಟಿಲಿಳಿಯಲು ಗೋಡೆ ಹಿಡಿದುಕೊಂಡೆ. ನಮ್ಮಲ್ಲೊಬ್ಬನ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿತ್ತು. ಅವನು ಯಾರಿಗೂ ಹೇಳದೆ ಬರೀ ನೀರು ಕುಡಿದು ಮಲಗಿದ್ದ. ಅವನು ಉಳಿದಿದ್ದು ಅದೃಷ್ಟ.

ಅದಕ್ಕೆ ವೈದ್ಯರ ಭಾಷೆಯಲ್ಲಿ ರ‍್ಯಾಬ್ಡೊಮಯೊಲೈಸಿಸ್ ಅನ್ನುತ್ತಾರೆ. ರೂಢಿಯಿಲ್ಲದ ಖಂಡಗಳಿಗೆ ಒಮ್ಮೆಲೇ ಮಿತಿಮೀರಿ ಕೆಲಸ ಕೊಟ್ಟರೆ ಅವುಗಳ ಕೋಶಗಳು ಒಡೆದು, ಒಳಗಿನ ಮಯೊಗ್ಲೋಬಿನ್ ರಕ್ತಕ್ಕೆ ಸೇರುತ್ತದೆ. ಅದು ಮೂತ್ರಪಿಂಡವನ್ನು ಕೆಡಿಸಬಲ್ಲದು. 2011ರ ಜನವರಿಯಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ 13 ಆಟಗಾರರು ಹೀಗೇ ಆಸ್ಪತ್ರೆ ಸೇರಿದರು. ಅವರೂ ರಜೆ ಮುಗಿಸಿ ಬಂದವರೇ. ಭುಜದ ಮೇಲೆ ಭಾರ ಹೊತ್ತು 100 ಬಸ್ಕಿ ಹೊಡೆದಿದ್ದರು. ಅವರೆಲ್ಲ ಗಟ್ಟಿಮುಟ್ಟಾದ ಕ್ರೀಡಾಪಟುಗಳು ಅನ್ನುವುದನ್ನು ಮರೆಯಬೇಡಿ. ರಜೆಯಿಂದ, ಜ್ವರದಿಂದ ವಾಪಸ್ ಬಂದ ಹುಡುಗನಿಗೆ ಮೊದಲ ವಾರ ಅರ್ಧ ಸಾಮು ಸಾಕು. ಮೂತ್ರ ಕಪ್ಪಾದರೆ, ಖಂಡ ಊದಿಕೊಂಡು ಗಟ್ಟಿಯಾಗಿ ಮುಟ್ಟಿಸಿಕೊಳ್ಳಲಾಗದಂತಾದರೆ, ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಇದರ ಜೊತೆಗೆ ತೂಕ ಇಳಿಸುವ ಹುಚ್ಚು ಸೇರಿದರೆ ಇನ್ನೂ ಕಷ್ಟ. 1997ರ ನವೆಂಬರ್ ಮತ್ತು ಡಿಸೆಂಬರ್‌ನಲ್ಲಿ ಅಮೆರಿಕದ ಮೂವರು ಕಾಲೇಜು ಪೈಲ್ವಾನರು ಸತ್ತರು. ಮೂವರೂ ಪಂದ್ಯದ ತೂಕಕ್ಕೆ ಇಳಿಯಲು ನೀರು ಬಿಟ್ಟು, ಗಾಳಿಯಾಡದ ರಬ್ಬರ್ ಉಡುಪು ತೊಟ್ಟು, ಸೆಕೆಯಲ್ಲಿ ವ್ಯಾಯಾಮ ಮಾಡುತ್ತಿದ್ದರು. ಆಮೇಲೆ ಅಲ್ಲಿನ ಕಾಲೇಜು ಕುಸ್ತಿಯಲ್ಲಿ ಅಂಥ ಉಡುಪನ್ನೇ ನಿಷೇಧಿಸಿದರು. ಬೆವರು ಸುರಿದ ಮಾತ್ರಕ್ಕೆ ಕೊಬ್ಬು ಕರಗುವುದಿಲ್ಲ, ಹೋಗುವುದು ನೀರು. ಮೈಯಲ್ಲಿ ನೀರು ಕಮ್ಮಿಯಾದಾಗ ರಕ್ತ ಕಮ್ಮಿಯಾಗುತ್ತದೆ, ಮೈ ತಂಪಾಗುವ ದಾರಿಯೇ ಮುಚ್ಚಿಹೋಗುತ್ತದೆ. ಏಪ್ರಿಲ್ ತಿಂಗಳ ಕಲಬುರಗಿಯಲ್ಲೋ ಬಳ್ಳಾರಿಯಲ್ಲೋ ತಗಡಿನ ಸೂರಿನ ಕೆಳಗೆ ಅಭ್ಯಾಸ ಮಾಡುವ ಮಕ್ಕಳನ್ನು ನೆನೆದರೆ ನನಗೆ ಭಯವಾಗುತ್ತದೆ. ಪ್ಲಾಸ್ಟಿಕ್ ಜಾಕೆಟ್ ಹಾಕಿಕೊಂಡು ದಮ್ಮಿನ ಸಾಮಿಗೆ ನಿಂತ ಯಾರನ್ನೇ ಕಂಡರೂ, ಅವರು ಎಷ್ಟೇ ದೊಡ್ಡ ಪೈಲ್ವಾನರಾಗಿದ್ದರೂ, ತೆಗೆಸಿಬಿಡಿ. ನೀರನ್ನು ಕೈಗೆಟುಕುವ ಹಾಗೆ ಇಡಿ, ಕುಡಿಯಲು ಅಪ್ಪಣೆ ಕೇಳುವಂತೆ ಮಾಡಬೇಡಿ.

ಸಾಮು ಮುಗಿದ ಕೂಡಲೇ ಮ್ಯಾಟಿನ ಮೇಲೆ ಬೋರಲು ಬೀಳಲು ನಾವು ಬಿಡುವುದಿಲ್ಲ. ಐದು ನಿಮಿಷ ನಡಿಗೆ. ಆಮೇಲೆ ಮೈ ಸಡಿಲ ಮಾಡುವುದು. ಮನೆಗೆ ಹೋದಮೇಲೆ ಬಾಳೆಹಣ್ಣು, ಹಾಲು, ಮುದ್ದೆಯೋ ರೊಟ್ಟಿಯೋ, ಅದರ ಜೊತೆ ಬೇಳೆ ಅಥವಾ ಮೊಟ್ಟೆ. ಮತ್ತೆ ನಿದ್ದೆ, ಎಂಟು ಗಂಟೆ.

ದಮ್ಮು ಬರುತ್ತಿದೆಯಾ ಅಂತ ತಿಳಿಯಲು ಯಂತ್ರ ಬೇಕಾಗಿಲ್ಲ. ನಮ್ಮ ಗೋಡೆಯ ಮೇಲೆ ಒಂದು ಕರಿಹಲಗೆ ಇದೆ. 15 ಸೆಕೆಂಡಿನ ತುಂಡಿನಲ್ಲಿ ಕಾಲಿಗೆ ಎಷ್ಟು ಸಲ ಸರಿಯಾಗಿ ನುಗ್ಗಿದರು ಅಂತ ಜೋಡಿಯವನೇ ಎಣಿಸಿ ಬರೆಯುತ್ತಾನೆ. ಭಂಗಿ ಕೆಟ್ಟ ಏಟು ಲೆಕ್ಕಕ್ಕಿಲ್ಲ. ಕಳೆದ ಮಳೆಗಾಲದಲ್ಲಿ ಸೇರಿದ ಒಬ್ಬ ಹುಡುಗಿಯ ಹೆಸರಿನ ಮುಂದೆ ಮೊದಲ ವಾರ ಹೀಗಿತ್ತು: 5, 4, 3, ಬಿಡುವು, 3, 2, 1. ಆ ಕೊನೆಯ ಒಂದನ್ನು ಬರೆಯುವಾಗ ಅವಳು ಹಲಗೆ ಕಡೆ ನೋಡಲೇ ಇಲ್ಲ. ಹತ್ತು ವಾರ ಕಳೆದ ಮೇಲೆ ಮೊದಲ ಅಂಕಿ ಅದೇ 5. ಆಮೇಲೆ 5, 4, ಬಿಡುವು, 5, 4, 4. ಸೀಮೆಸುಣ್ಣ ಜೋಡಿಯ ಕೈಯಿಂದ ಕಿತ್ತುಕೊಂಡು ಆ ಕೊನೆಯ ನಾಲ್ಕನ್ನು ಅವಳೇ ಬರೆದಳು.